ಮೈಕಾವಿನಲ್ಲಿ ಬಣ್ಣವಿಲ್ಲ

"ನಮ್ಮ ಹುಡುಗಿ ಇವತ್ತು ಮರ್ಯಾದೆ ಉಳಿಸಿದಳು ಕಣಯ್ಯಾ" ಎಂದು ಪ್ರೊಫೆಸರ್ ಸಿ ತೈಯಿಬ್ ಇನ್ನೊಮ್ಮೆ ಹೇಳಿದಾಗ, ಈಗ ತಾನು ನಗಬೇಕು ಎಂದು ಶಾಕಿರ್‌ಗೆ ಹೊಳೆಯಿತು. ನಕ್ಕ. ಗಾಜಿನ ದೊಡ್ಡ ಪಾತ್ರೆಯೊಳಗೆ ಕೆಂಪು ದ್ರವ ಗುಳುಗುಳು ಎನ್ನುತ್ತ ತನ್ನಷ್ಟಕ್ಕೆ ಸುತ್ತುತ್ತಿತ್ತು. ಮೇಲೆ ಗುಲಾಬಿ ನೊರೆ. ಹುಡುಗಿ ಎಂದರೆ ಸೆರೇಷಿಯಾ ಎಂಬ ಬ್ಯಾಕ್ಟೀರಿಯಾ. ಸ್ಫಾಕ್ಸ್ ಊರಿನಾಚೆ ಉಪ್ಪಿನ ಮಡಿಗಳ ಅಂಚಿನ ಒದ್ದೆ ಮಣ್ಣಿನಿಂದ ಅವಳನ್ನು ಹೆಕ್ಕಿ ತಂದವನು ಶಾಕಿರ್. ಹೆಸರಿಟ್ಟವರು ಪ್ರೊಫೆಸರು. ಕಳೆದ ವಾರವೆಲ್ಲ ಅವಳು ಮಾಸಲು ಬಣ್ಣಕ್ಕೆ ತಿರುಗಿ ಕಾಡಿಸಿದ್ದಳು. ಇವತ್ತು ಕ್ಸಾರ್ ಹಿಲಾಲ್‌ನಿಂದ ಬಟ್ಟೆ ಕಾರ್ಖಾನೆಯ ಯಜಮಾನರು ಬರುವ ದಿನ ನೋಡಿ, ಸರಿಯಾಗಿ ಕೆಂಪೇರಿದ್ದಾಳೆ. ಶಾಕಿರ್ ಪಾತ್ರೆಯ ಗಾಜಿಗೆ ಅಂಗೈ ಒತ್ತಿದ. ಬೆಚ್ಚಗಿತ್ತು. ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡು ಕೋಟಿನ ಜೇಬಿಗೆ ಹಾಕಿಕೊಂಡ. ಹಾಗೆ ಜೇಬಿಗೆ ಹಾಕಿಕೊಳ್ಳುವುದು ಈಚೆಗೆ ಅವನಿಗೆ ಅಭ್ಯಾಸವಾಗಿತ್ತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೆಂಡತಿಯ ಎದುರು ಊಟಕ್ಕೆ ಕೂತಾಗಲೂ ಒಂದು ಕೈ ಮೇಜಿನ ಕೆಳಗೇ ಇರುತ್ತಿತ್ತು. ಹೆಂಡತಿ ಅರ್ವಾ ಅದನ್ನು ಕಂಡಿದ್ದಳೋ ಇಲ್ಲವೋ. ಮಗು ಹೋಗಿ ತಿಂಗಳೂ ತುಂಬಿರಲಿಲ್ಲ. ಅವಳು ಏನನ್ನಾದರೂ ಕಾಣುತ್ತಿದ್ದಾಳೆಂದು ಹೇಳಲು ಆಗುತ್ತಿರಲಿಲ್ಲ.

ಯಜಮಾನರಾದ ಹಾಜಿ ಮೆಹ್ರೆಜ್ ಸಣ್ಣ ಕಣ್ಣಿನ, ದೊಡ್ಡ ದನಿಯ ಮನುಷ್ಯ. ಒಳಗೆ ಬಂದವರೇ ಮೂಗು ಮುಚ್ಚಿಕೊಂಡರು. "ಏನ್ರೀ ಇದು, ಒದ್ದೆ ಗೋಣಿ ಕೊಳೆತ ಹಾಗೆ!" ಎಂದರು. "ಅದು ಹುಡುಗಿಯ ಅತ್ತರು ಹಾಜಿ, ಬಟ್ಟೆಗೆ ಬರಲ್ಲ. ಇವನ ಮೈಗೆ ಮಾತ್ರ ಬರುತ್ತೆ" ಎಂದು ಪ್ರೊಫೆಸರು ಶಾಕಿರ್‌ನ ಭುಜ ತಟ್ಟಿದರು. "ಇವನು ಡಾಕ್ಟರ್ ಶಾಕಿರ್. ನನ್ನ ಬಲಗೈ. ನಾನು ಬಾಯಿ, ಇವನು ಕೈ." ಹಾಜಿ ಕೈಕುಲುಕಲೆಂದು ತಮ್ಮ ಕೈ ಮುಂದೆ ಚಾಚಿದರು. ಶಾಕಿರ್ ಜೇಬಿನಿಂದ ಕೈ ತೆಗೆಯಲಿಲ್ಲ. ಎದೆ ತುಸು ಬಾಗಿಸಿ ಸಲಾಂ ಹೇಳಿದ. ಚಾಚಿದ ಕೈ ಒಂದು ಗಳಿಗೆ ಅಲ್ಲೇ ಉಳಿಯಿತು. ಆಮೇಲೆ ಅದು ಗಡ್ಡ ಸವರಿಕೊಳ್ಳಲು ಹೋಯಿತು. ಸಿ ತೈಯಿಬ್ ಅವನನ್ನು ದುರುಗುಟ್ಟಿ ನೋಡಿದರು.

ತೋರಿಸಬೇಕಾದದ್ದನ್ನೆಲ್ಲ ಅವನು ತೋರಿಸಿದ. ಪಾತ್ರೆಯಿಂದ ಇಳಿಸಿದ ದ್ರವವನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ನೀರು ಬೇರೆ, ಮುದ್ದೆ ಬೇರೆ. ಮೆಣಸಿನಕಾಯಿ ಅರೆದಿಟ್ಟ ಹಾಗಿರುವ ಆ ಮುದ್ದೆಗೆ ಹುಳಿ ಬೆರೆಸಿದ ಸ್ಪಿರಿಟ್ ಹೊಯ್ದು ಅಲುಗಾಡಿಸಿದರೆ ಕೆಂಪೆಲ್ಲ ಸ್ಪಿರಿಟ್ಟಿಗೆ ಇಳಿಯುತ್ತದೆ, ಬ್ಯಾಕ್ಟೀರಿಯಾದ ಹೆಣಗಳು ತಳದಲ್ಲಿ ಬೂದಿಯಂತೆ ಉಳಿಯುತ್ತವೆ. ಸ್ಪಿರಿಟ್ಟನ್ನು ಆವಿ ಮಾಡಿದರೆ ಬೋಗುಣಿಯ ಗೋಡೆಗೆ ಕಪ್ಪುಗೆಂಪು ಅಂಟು ಹಿಡಿದುಕೊಳ್ಳುತ್ತದೆ. ವಾರೆಯಾಗಿ ನೋಡಿದರೆ ಅದರ ಮೇಲೆ ಹಸಿರು ಹೊಳಪು, ಜೀರುಂಡೆಯ ಬೆನ್ನಿನ ಹಾಗೆ. ಅವನು ಹೇಳುತ್ತ ಹೋದ, ತನ್ನ ದನಿ ಯಾರದೋ ದನಿಯಂತೆ ತನಗೇ ಕೇಳಿಸುತ್ತ ಹೋಯಿತು. ಹಾಜಿ ಅದ್ದಿ ತೆಗೆದ ರೇಷ್ಮೆಯ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಬಣ್ಣ ಏನೋ ದಾಳಿಂಬೆ. ಬಿಸಿಲಿಗೆ ನಿಲ್ಲುತ್ತಾ?" ಎಂದರು. "ಅದೊಂದು ಕಷ್ಟ" ಎಂದ ಶಾಕಿರ್. "ಕಷ್ಟ ಏನಿಲ್ಲ, ಅದಕ್ಕೂ ದಾರಿ ಹುಡುಕ್ತಿದ್ದೀವಿ" ಎಂದರು ಸಿ ತೈಯಿಬ್. "ನಂಗೆ ಬೇಕಿರೋದು ಎಳೆ ಮಕ್ಕಳ ಬಟ್ಟೆಗೆ" ಎಂದರು ಹಾಜಿ. "ಸಮುದ್ರದ ಆಚೆ ದಡದ ತಾಯಂದಿರು ಈಗ ರಾಸಾಯನಿಕದ ಬಣ್ಣ ಮುಟ್ಟಲ್ಲ. ಮಕ್ಕಳು ಬಟ್ಟೆ ಬಾಯಿಗೆ ಇಟ್ಕೊಂಡು ಚೀಪ್ತಾವೆ, ಗೊತ್ತಲ್ಲ. ನಿಮಗೆ ಮಕ್ಕಳೆಷ್ಟು ಡಾಕ್ಟ್ರೇ?"

ಸಿ ತೈಯಿಬ್ ಕೆಮ್ಮಿದರು. "ಇಲ್ಲ" ಎಂದ ಶಾಕಿರ್. "ಆಗ್ತವೆ ಬಿಡಿ, ದೇವರಿದ್ದಾನೆ. ಚೀಪಿದ್ರೆ ಏನೂ ಆಗಲ್ಲ ತಾನೆ? ಎಷ್ಟಾದ್ರೂ ಹುಳದಿಂದ ತೆಗೆದದ್ದು."

ಏನೂ ಆಗುವುದಿಲ್ಲ. ಅದು ನಿಜವಾದ ಉತ್ತರ. ಸ್ಪಿರಿಟ್ಟಿನಲ್ಲಿ ಒಂದು ಜೀವವೂ ಉಳಿಯುವುದಿಲ್ಲ, ಬಣ್ಣಕ್ಕೆ ಪಾಪವಿಲ್ಲ. ಆದರೆ ಅವನ ಕಣ್ಣ ಮುಂದೆ ಬಂದದ್ದು ಆಸ್ಪತ್ರೆಯ ಮಕ್ಕಳ ವಾರ್ಡು. ಗಾಜಿನಾಚೆ ಸಾಲಾಗಿ ಇಟ್ಟಿದ್ದ ಪೆಟ್ಟಿಗೆಗಳು, ಒಂದೊಂದರಲ್ಲೂ ಒಂದೊಂದು ಅಂಗೈಯಷ್ಟು ಜೀವ. ಬ್ಯಾಕ್ಟೀರಿಯಾ ಬೆಳೆಸುವ ಪೆಟ್ಟಿಗೆಗೂ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಇಡುವ ಪೆಟ್ಟಿಗೆಗೂ ಒಂದೇ ಹೆಸರು, ಇನ್‌ಕ್ಯುಬೇಟರ್. ಮೊದಲ ದಿನ ವೈದ್ಯರು ಆ ಮಾತು ಅಂದಾಗ ಅವನಿಗೆ ನಗು ಬಂದಿತ್ತು, ಪರಿಚಯದವರು ಸಿಕ್ಕ ಹಾಗೆ ಧೈರ್ಯವೂ ಬಂದಿತ್ತು. ಅಪ್ಪಂದಿರು ಗಾಜಿನಿಂದಲೇ ನೋಡಬೇಕೆಂಬುದು ನಿಯಮ. ಅರ್ವಾ ಮೇಲಿನ ಮಹಡಿಯಲ್ಲಿ, ಹೊಟ್ಟೆ ಕೊಯ್ದ ಗಾಯಕ್ಕೆ ಜ್ವರ ಏರಿ ಮಲಗಿದ್ದಳು. ಅವಳನ್ನು ಒಮ್ಮೆ ಗಾಲಿಕುರ್ಚಿಯಲ್ಲಿ ಗಾಜಿನವರೆಗೆ ತಂದು ತೋರಿಸಿ ವಾಪಸ್ ಒಯ್ದಿದ್ದರು, ಅಷ್ಟೇ. ಆ ಮಧ್ಯಾಹ್ನ ಅವನು ಪ್ರಯೋಗಾಲಯದಿಂದ ಸೀದಾ ಬಂದಿದ್ದ. ಮುದ್ದೆ ತೆಗೆಯುವಾಗ ಕೈಗವಸು ಹರಿದಿತ್ತು. ಬದಲಾಯಿಸಲು ಹೊತ್ತಿರಲಿಲ್ಲ, ಮುಗಿಸಿಬಿಡೋಣ ಎಂದು ಮುಗಿಸಿದ್ದ. ವಾರ್ಡಿನಲ್ಲಿ ನರ್ಸ್ ಜಾಝಿಯಾ ಒಬ್ಬಳೇ ಇದ್ದಳು. ಅವನು ಅಳುತ್ತಿದ್ದನಂತೆ. ಅದು ಅವನಿಗೆ ತಿಳಿದಿರಲಿಲ್ಲ. ಅವಳೇ ಬಾಗಿಲು ತೆರೆದು "ಬನ್ನಿ, ಬೇಗ. ಮೊಣಕೈವರೆಗೂ ತೊಳ್ಕೊಳ್ಳಿ" ಎಂದಳು. "ಕೈ ತೊಳೆಯೋದನ್ನ ನಂಗೆ ಹೇಳ್ಕೊಡ್ತೀರಾ ಲಲ್ಲಾ, ನನ್ನ ಕಸುಬೇ ಅದು" ಎಂದಿದ್ದ. ಅಮ್ಮಾ ಎನ್ನುವ ಹಾಗೆ ಲಲ್ಲಾ ಎಂದು ಕರೆದರೂ ಹೆಮ್ಮೆಯಿಂದ ಎಂದಿದ್ದ. ತೊಳೆದ. ತೊಳೆದದ್ದು ನಿಜ. ಪೆಟ್ಟಿಗೆಯ ಪಕ್ಕದ ದುಂಡನೆ ಕಿಂಡಿಯೊಳಗೆ ಕೈ ಹಾಕಿದಾಗ ಪ್ರಯೋಗಾಲಯದಿಂದ ಹಾಗೇ ತೊಟ್ಟು ಬಂದ ಅಂಗಿಯ ತೋಳು ಜಾರಿ ಕೆಳಗೆ ಬಂದಿತ್ತು, ಅದೂ ನಿಜ.

"ಏನೂ ಆಗಲ್ಲ ಹಾಜಿ, ಬರೆದು ಕೊಡ್ತೀನಿ" ಎಂದು ಸಿ ತೈಯಿಬ್ ಅವನ ಪರವಾಗಿ ಉತ್ತರ ಕೊಟ್ಟಿದ್ದರು. ಎಲ್ಲರೂ ಚಹಾ ಕುಡಿಯಲು ಪ್ರೊಫೆಸರ ಕೋಣೆಗೆ ಹೋದರು. ಬಾಗಿಲ ಬಳಿ ಸಿ ತೈಯಿಬ್ ಹಿಂದೆ ಉಳಿದು ತಗ್ಗಿದ ದನಿಯಲ್ಲಿ ಗದರಿದರು: "ದುಃಖ ಇರುತ್ತಪ್ಪ, ನಂಗೂ ಗೊತ್ತು. ಆದ್ರೆ ದೊಡ್ಡೋರು ಕೈ ಚಾಚಿದ್ರೆ ಜೇಬಲ್ಲಿ ಕೈ ಇಟ್ಕೊಂಡು ನಿಲ್ತಾರೇನೋ? ನೀನು ಚಹಾಕ್ಕೆ ಬರೋದೇನು ಬೇಡ, ಇಲ್ಲೇ ಇರು."

ಇಲ್ಲೇ ಇರಬೇಕೆಂದೇ ಅವನಿಗೂ ಇತ್ತು. ಮೂಲೆಯಲ್ಲಿ ಕಾವು ತಗ್ಗಿಸಿಟ್ಟ ಪೆಟ್ಟಿಗೆಯಲ್ಲಿ, ಬ್ಯಾಕ್ಟೀರಿಯಾ ಬೆಳೆಸುವ ಬೇರೆ ತಟ್ಟೆಗಳ ಹಿಂದೆ, ಮಗುವಿನ ರಕ್ತದಿಂದ ಬೆಳೆಸಿದ, ನಿನ್ನೆ ಇಟ್ಟ ಒಂದು ತಟ್ಟೆ ಇತ್ತು. ಅದನ್ನು ತಂದುಕೊಟ್ಟವಳು ನಾಇಲಾ. ಅವನ ಜೊತೆ ಓದಿದವಳು, ಈಗ ಆ ಆಸ್ಪತ್ರೆಯಲ್ಲೇ ರಕ್ತ ಪರೀಕ್ಷೆಯ ವಿಭಾಗದಲ್ಲಿದ್ದಾಳೆ. ಮಗುವಿನ ರಕ್ತದಲ್ಲಿ ಸಿಕ್ಕಿದ್ದು ಸೆರೇಷಿಯಾ ಎಂದು ಮೊದಲು ಹೇಳಿದವಳೂ ಅವಳೇ. ಅವಳು ಅದನ್ನು ಎಚ್ಚರವಿಲ್ಲದೆ ಹೇಳಿಬಿಟ್ಟಿದ್ದಳು. "ನಿಮ್ಮ ಪೈಕಿಯದೇ ಮಾರಾಯ. ಆದ್ರೆ ಬಿಳಿದು, ಆಸ್ಪತ್ರೆಲಿ ಸಿಗೋದೆಲ್ಲ ಬಿಳಿದೇ" ಎಂದು. ಅಂದಿನಿಂದ ಅವನು ಆ ಬಿಳಿ ಎಂಬ ಮಾತಿಗೆ ಜೋತುಬಿದ್ದಿದ್ದ. ಆದರೆ ಆಸ್ಪತ್ರೆಯಲ್ಲಿ ತಟ್ಟೆಗಳನ್ನು ಮೈಕಾವಿನಲ್ಲಿ ಬೆಳೆಸುತ್ತಾರೆ. ಮೈಕಾವಿನಲ್ಲಿ ಅವನ ಹುಡುಗಿಯೂ ಬಿಳಿಯೇ. ಅದಕ್ಕಿಂತ ತಂಪಿನಲ್ಲಿ ಇಟ್ಟರೆ ಮಾತ್ರ ಅವಳಿಗೆ ಬಣ್ಣ ಬರುವುದು. ಇದು ನಾಇಲಾಗೆ ಮರೆತಿತ್ತು, ಅವನಿಗೆ ಮರೆಯುವ ಹಾಗಿರಲಿಲ್ಲ. ನಿನ್ನೆ ಅವಳು ಬ್ರೆಡ್ಡಿನ ಚೀಲದಲ್ಲಿ ತಟ್ಟೆಯನ್ನು ಸುತ್ತಿ ತಂದು, ಕೊಡುವ ಮುಂಚೆ ಎದೆಗೊತ್ತಿ ಹಿಡಿದುಕೊಂಡಳು. "ಯಾಕೆ ಬೇಕು ನಿಂಗೆ ಇದು?" "ನೋಡಬೇಕು." "ನೋಡಿ ಏನು ಮಾಡ್ತೀಯ? ಮಗು ವಾಪಸ್ ಬರುತ್ತಾ?" "ಬರಲ್ಲ." "ಮತ್ತೆ?" ಅವಳು ಅವನ ಮುಖ ನೋಡಿದಳು. ಆಗ ಅವಳಿಗೆ ಬಣ್ಣದ ವಿಷಯ ನೆನಪಾಯಿತೆಂದು ಅವನಿಗೆ ಗೊತ್ತಾಯಿತು. ಚೀಲ ಕೊಟ್ಟು, ಬಸ್ಸು ಹೊರಟಿದೆ ಎನ್ನುವವಳಂತೆ ಓಡಿಹೋದಳು.

ಪೆಟ್ಟಿಗೆಯ ಬಾಗಿಲು ತೆರೆದ. ತಟ್ಟೆಯನ್ನು ತಿರುಗಿಸಿ ನೋಡುವ ಮೊದಲೇ ಅಂಚಿನಲ್ಲಿ ಕಂಡಿತು. ಕೆಂಪು. ಚುಕ್ಕೆ ಚುಕ್ಕೆಯಾಗಿ, ಅಂಚಿನಲ್ಲಿ ಆ ಹಸಿರು ಹೊಳಪಿನೊಂದಿಗೆ, ನಡುವಿನಲ್ಲಿ ಸ್ವಲ್ಪ ಕಪ್ಪು. ಇನ್ನೂ ಪರೀಕ್ಷೆಗಳಿವೆ, ಬೇರೆ ಕೆಂಪು ಸೆರೇಷಿಯಾಗಳೂ ಲೋಕದಲ್ಲಿವೆ ಎಂದು ತಲೆ ಒಂದಿಷ್ಟು ಹೊತ್ತು ಪಾಠ ಒಪ್ಪಿಸಿತು. ಕಣ್ಣು ಅದನ್ನು ಕೇಳಲಿಲ್ಲ. ವರ್ಷಗಟ್ಟಲೆ ದಿನಾ ಬೆಳಿಗ್ಗೆ ನೋಡಿದ ಮುಖ ಅದು. ಸ್ವಂತ ಮಗಳನ್ನು ಆಸ್ಪತ್ರೆಯ ಆ ಸಾಲಿನಲ್ಲಿ ಗುರುತಿಸಲು ಅವನಿಗೆ ಪೆಟ್ಟಿಗೆಯ ಮೇಲಿನ ಚೀಟಿ ಬೇಕಾಗುತ್ತಿತ್ತು. ಟೋಪಿ, ಕೊಳವೆ, ಅಂಟುಪಟ್ಟಿಗಳ ನಡುವೆ ಎಲ್ಲ ಮಕ್ಕಳೂ ಒಂದೇ ಥರ. ಇದನ್ನು ಗುರುತಿಸಲು ಚೀಟಿ ಬೇಕಾಗಲಿಲ್ಲ.

ಆಮೇಲೆ ಅವನು ಮಾಡಿದ್ದು ಬಹಳ ಸಣ್ಣ ಕೆಲಸ. ತಟ್ಟೆಯನ್ನು ಆವಿಯಲ್ಲಿ ಜೀವಾಣು ಕೊಲ್ಲುವ ಆಟೋಕ್ಲೇವಿನ ಬುಟ್ಟಿಗೆ ಹಾಕಿ, ಮುಚ್ಚಳದ ತಿರುಪು ಬಿಗಿ ಮಾಡಿ, ಗುಂಡಿ ಒತ್ತಿದ. ಆವಿ ಏರಿತು. ಪಕ್ಕದ ಕೋಣೆಯಿಂದ ಹಾಜಿಯ ನಗು, ಚಹಾದ ಲೋಟಗಳ ಸದ್ದು. ಮಗು ಹೋದದ್ದರ ಬಗ್ಗೆ ಆಸ್ಪತ್ರೆ ನಡೆಸಿದ ವಿಚಾರಣೆಯಲ್ಲೂ ಹೀಗೇ ಪಕ್ಕದಲ್ಲಿ ಯಾರೋ ಚಹಾ ಕುಡಿಯುತ್ತಿದ್ದರು. ಅರ್ವಾ ಮೇಜಿನ ಅಂಚು ಹಿಡಿದು ನಿಂತು ಹೇಳಿದ್ದಳು: "ಆ ಹೆಂಗಸು ಕೈ ತೊಳೆಯೋದನ್ನ ನಾನು ನೋಡಲಿಲ್ಲ. ಪಕ್ಕದ ಮಗೂನ ಮುಟ್ಟಿ ಹಾಗೇ ನನ್ನ ಮಗೂನ ಮುಟ್ಟಿದ್ಲು. ನನ್ನ ಕಣ್ಣಾರೆ ಕಂಡೆ." ಪಕ್ಕದ ಪೆಟ್ಟಿಗೆಯ ಹುಡುಗನಿಗೂ ಜ್ವರ ಬಂದು, ಅವನು ಉಳಿದುಕೊಂಡಿದ್ದ. ಜಾಝಿಯಾ ಎದುರಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡಳು. ಅವಳು ಒಂದು ಸಲ ಶಾಕಿರ್‌ನ ಕಡೆ ನೋಡಿದಳು. ಅವನು ಹೆಂಡತಿಯ ಬೆನ್ನ ಮೇಲೆ ಕೈ ಇಟ್ಟು ನಿಂತಿದ್ದ, ಒಳ್ಳೆಯ ಗಂಡನ ಹಾಗೆ. ಜಾಝಿಯಾಳನ್ನು ಅಮಾನತು ಮಾಡಿದರು. ಊರಿನ ರೇಡಿಯೋದಲ್ಲಿ ಅವಳ ಹೆಸರು ಬಂತು. ಆಟೋಕ್ಲೇವ್ ಶಿಳ್ಳೆ ಹಾಕಿದಾಗ ಅವನಿಗೆ ವಾಂತಿಯಾದ ಮೇಲಿನ ಹಗುರ ಬಂತು. ಇನ್ನು ಯಾರಿಗೂ ತಿಳಿಯುವುದಿಲ್ಲ. ನಾಇಲಾ ಬಾಯಿ ಬಿಡುವವಳಲ್ಲ. ಆ ಹಗುರವನ್ನು ಹೊತ್ತುಕೊಂಡೇ ಅವನು ಕೋಟು ಕಳಚಿಟ್ಟು, ಯಾರಿಗೂ ಹೇಳದೆ ಹೊರಬಿದ್ದ. ಹಳೇ ಊರಿನ ಹೆಬ್ಬಾಗಿಲು ಬಾಬ್ ಜಬ್ಲಿಯ ಹಿಂದಿನ ಓಣಿಗಳಲ್ಲಿ ಜಾಝಿಯಾಳ ಮನೆ ಯಾವುದೆಂದು ಮೀನು ಮಾರುವವನನ್ನು ಕೇಳುವವರೆಗೂ ತಾನು ಅಲ್ಲಿಗೇ ಹೊರಟಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ.

ಅವಳು ಅಂಗಳದಲ್ಲಿ ಕೂತು ಬಾದಾಮಿ ಒಡೆಯುತ್ತಿದ್ದಳು. ತಲೆ ಎತ್ತಿ, "ಪೇಪರಿನವರಾದ್ರೆ ಹಾಗೇ ಹೋಗಿ" ಎಂದಳು. ಆಮೇಲೆ ಗುರುತು ಹಿಡಿದಳು. ಸುತ್ತಿಗೆ ಕೆಳಗಿಟ್ಟಳು. "ಕಿಟಕಿ ಪಕ್ಕದ ಮಗುವಿನ ಅಪ್ಪ. ಕೂತ್ಕೊಳ್ಳಿ. ಹೆಂಡ್ತಿ ಕಳ್ಸಿದ್ಲಾ, ಇನ್ನೂ ಬಯ್ಯೋಕೆ?"

ಅವನು ನಿಂತೇ ಹೇಳಿದ. ಉಪ್ಪಿನ ಮಡಿಯಿಂದ ಶುರುಮಾಡಿ ಹರಿದ ಕೈಗವಸು, ಬಿಳಿ, ಕೆಂಪು, ಎಲ್ಲ, ಆಟೋಕ್ಲೇವನ್ನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಮಡಿಲಿನ ಸಿಪ್ಪೆಗಳನ್ನು ಕೊಡವಿದಳು.

"ಅಂದ್ರೆ ನಾನಲ್ಲ."

"ನೀವಲ್ಲ, ಲಲ್ಲಾ."

"ಅಲ್ಲ" ಎಂದು ಮತ್ತೊಮ್ಮೆ ಹೇಳಿ ಅವಳು ಸೆರಗಿನ ತುದಿಯಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. "ನಾನು ಮಲಗಿದಾಗೆಲ್ಲ ಎಣಿಸ್ತಾ ಇದ್ದೆ ಕಣಪ್ಪಾ. ಆ ಮಗು ಮುಟ್ಟೋ ಮುಂಚೆ ತೊಳೆದ್ನಾ, ಈ ಮಗು ಮುಟ್ಟೋ ಮುಂಚೆ ತೊಳೆದ್ನಾ ಅಂತ. ಒಂದ್ಸಲ ಮರೆತಿರಬೇಕು ಅಂತ ನಂಗೇ ಅನ್ಸಿಬಿಟ್ಟಿತ್ತು. ನನ್ನ ಮಗಳು ಊರಿಗೆ ಬಂದಾಗ ಮೊಮ್ಮಗೂನ ನನ್ನ ಕೈಗೆ ಕೊಡಲಿಲ್ಲ, ಗೊತ್ತಾ ನಿಮಗೆ?"

"ನಾಳೆ ಹೋಗಿ ಎಲ್ಲ ಹೇಳ್ತೀನಿ. ನೀವು ಬಾಗಿಲು ತೆಗೆದದ್ದು, ನಾನು..."

ಸೆರಗು ತಟ್ಟನೆ ಕೆಳಗಿಳಿಯಿತು. "ಏನು ಹೇಳ್ತೀರಿ? ನಾನು ಬಾಗಿಲು ತೆಗೆದೆ ಅಂತಲಾ? ಕೈ ತೊಳೀಲಿಲ್ಲ ಅಂದ್ರೆ ಅಮಾನತು. ನಿಯಮ ಮುರಿದು ಹೊರಗಿನೋರನ್ನ ಒಳಗೆ ಬಿಟ್ಟೆ, ಅದರಿಂದ್ಲೇ ಮಗು ಹೋಯ್ತು ಅಂದ್ರೆ? ಮನೆಗೇ ಕಳಿಸ್ತಾರೆ, ಜೈಲಿಗಾದ್ರೂ ಕಳಿಸ್ತಾರೆ. ಅದಕ್ಕೇ ಅಲ್ವೇನ್ರೀ ಅವತ್ತು ನಾನು ಬಾಯಿ ಬಿಡದೆ ಕೂತಿದ್ದು? ನೀವು ನಿಜ ಹೇಳಿ ಹಗುರ ಆಗ್ತೀರಿ. ನಾನು?"

ಓಣಿಯುದ್ದಕ್ಕೂ ಅವನು ತನ್ನ ನಿಜವನ್ನು ಅವಳಿಗೆ ಕೊಡುವ ದಾನವೆಂಬಂತೆ ಎತ್ತಿಕೊಂಡು ಬಂದಿದ್ದ. ಅದು ಅವಳ ಅಂಗಳದಲ್ಲಿ ಬಾದಾಮಿ ಸಿಪ್ಪೆಗಳ ನಡುವೆ ಇನ್ನೊಂದು ಕಸವಾಗಿ ಬಿದ್ದಿತ್ತು. ನೆರೆಮನೆಯ ಮಾಳಿಗೆಯಲ್ಲಿ ಯಾರೋ ಚಾಪೆ ಕೊಡವುತ್ತಿದ್ದರು. "ಮತ್ತೆ ಏನು ಮಾಡ್ಲಿ?" ಎಂದು, ಪಾಠ ಬರದ ಹುಡುಗನ ಹಾಗೆ, ಕೇಳಿದ.

ಜಾಝಿಯಾ ಸುತ್ತಿಗೆ ಎತ್ತಿಕೊಂಡು ಒಂದು ಬಾದಾಮಿ ಒಡೆದಳು. ತಿರುಳು ನಜ್ಜುಗುಜ್ಜಾಯಿತು. "ನೀವು ನುಗ್ಗಿದ್ರಿ" ಎಂದಳು, ಅವನ ಕಡೆ ನೋಡದೆ. "ನಾನು ಔಷಧಿ ತರೋಕೆ ಹೋಗಿದ್ದೆ. ಬಾಗಿಲು ಹಾಕಿತ್ತು, ನೀವೇ ತೆಗೆದ್ರಿ. ಕೈ ತೊಳೆದ್ರೋ ಇಲ್ವೋ ನಾನು ನೋಡಿಲ್ಲ. ನಾನು ನಿಮ್ಮನ್ನೇ ನೋಡಿಲ್ಲ. ಹಾಗೆ ಹೇಳ್ತೀರಾದ್ರೆ ಹೇಳಿ. ಇಲ್ಲಾಂದ್ರೆ ದಮ್ಮಯ್ಯ, ಸುಮ್ಮನೆ ಇದ್ಬಿಡಿ."

"ಹೇಳ್ತೀನಿ" ಎಂದ.

"ನಿಮ್ಮ ಮೇಲೆ ಕೇಸ್ ಹಾಕ್ತಾರೆ."

"ಹಾಕಲಿ."

ಅವಳು ಆಗ ಅವನನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ. ಭಾರ ಎತ್ತುವವನ ತೋಳಿಗೆ ಬಲ ಇದೆಯೇ ಎಂದು ಅಳೆಯುವ ನೋಟ. "ಮೊದಲು ಮನೇಲಿ ಹೇಳಿ" ಎಂದಳು. "ಆ ಹುಡುಗಿ ಇದನ್ನ ರೇಡಿಯೋದಲ್ಲಿ ಕೇಳೋ ಹಾಗೆ ಮಾಡ್ಬೇಡಿ. ನಂದು ನಾನು ಹಾಗೇ ಕೇಳಿದ್ದು." ಅವನು ಹೊರಡುವಾಗ ಕರೆದು ಒಂದು ಹಿಡಿ ಬಾದಾಮಿಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟಳು. ಯಾಕೆ ಕೊಟ್ಟಳೆಂದು ಅವಳಿಗೂ ತಿಳಿದಿದ್ದಂತೆ ಕಾಣಲಿಲ್ಲ.

ಮರುದಿನ ಆಸ್ಪತ್ರೆಯ ವಿಚಾರಣೆಯವರ ಮುಂದೆ ಅವನು ಹಾಗೆಯೇ ಹೇಳಿದ. ತಾನೇ ನುಗ್ಗಿದೆ, ನರ್ಸ್ ಇರಲಿಲ್ಲ, ಕೈ ತೊಳೆಯಲಿಲ್ಲ ಎಂದ. ತೊಳೆದಿದ್ದೆ ಎಂಬ ನಿಜವನ್ನೂ ನುಂಗಿಕೊಂಡ. ಜಾಝಿಯಾಳನ್ನು ಕೆಲಸಕ್ಕೆ ವಾಪಸ್ ಕರೆದರು, ಆದರೆ ಮಕ್ಕಳ ವಾರ್ಡಿಗಲ್ಲ. ಅವನ ಮೇಲೆ ಮೊಕದ್ದಮೆ ಹೂಡಿದರು. ಸಿ ತೈಯಿಬ್ ಅವನ ಹೆಸರು ತಮ್ಮ ಬಾಗಿಲಿನ ಫಲಕದಲ್ಲಿ ಇರಕೂಡದೆಂದು ಅಂದೇ ತೆಗೆಸಿದರು. ಹಾಜಿ ಮೆಹ್ರೆಜ್‌ಗೆ ಸುದ್ದಿ ತಲುಪಿ ಅವರೂ ಹಿಂದೆ ಸರಿದರು. ಗಾಜಿನ ಪಾತ್ರೆಯನ್ನು ಬರಿದು ಮಾಡಿ ತೊಳೆದಿಟ್ಟರೆಂದು ಯಾರೋ ಹೇಳಿದರು. ಇವೆಲ್ಲ ಆಮೇಲಿನ ಮಾತು. ಜಾಝಿಯಾಳ ಅಂಗಳದಿಂದ ಆ ಸಂಜೆ ಮನೆಗೆ ಹೋದಾಗ ಅರ್ವಾ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು. ಅವಳ ಅಂಗಿಯ ಎದೆ ಒದ್ದೆಯಾಗಿತ್ತು. ಹಾಲು ಇನ್ನೂ ನಿಂತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದರು, ಅವಳು ತೆಗೆದುಕೊಳ್ಳುತ್ತಿರಲಿಲ್ಲ. ಅವನು ಎದುರಿಗೆ ನೆಲದ ಮೇಲೆ ಕೂತ. ಎರಡೂ ಕೈಗಳನ್ನು ಹೊರಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಹೇಳಿದ. ಜಾಝಿಯಾ ಬಾಗಿಲು ತೆರೆದದ್ದನ್ನೂ ಹೇಳಿದ, ನಾಳೆ ಹೇಳಲಿರುವ ಸುಳ್ಳನ್ನೂ ಹೇಳಿದ. ಅವಳು ಕಿರುಚುತ್ತಾಳೆ, ಮೈಮೇಲೆ ಬೀಳುತ್ತಾಳೆ ಎಂದು ಕಾದ. ಅದನ್ನು ಅವನು ಬಯಸುತ್ತಿದ್ದ ಕೂಡ.

ಅವಳು ಬಹಳ ಹೊತ್ತು ಅವನ ಕೈಗಳನ್ನೇ ನೋಡಿದಳು.

"ನೀನು ಅವಳನ್ನ ಮುಟ್ಟಿದ್ಯಾ?"

"ಹ್ಞೂಂ."

"ನಂಗೆ ಹೇಳಲೇ ಇಲ್ಲ."

"ನಿನಗೆ ಮುಟ್ಟೋಕೆ ಆಗಿರಲಿಲ್ಲ. ಅದಕ್ಕೇ ಹೇಳಲಿಲ್ಲ."

"ಬೆಚ್ಚಗಿದ್ಲಾ?"

ಅವನು ತಲೆಯಾಡಿಸಿದ. ಹೊರಗೆ ಮಸೀದಿಯಿಂದ ಸಂಜೆಯ ಕರೆ ಬಂತು, ನಿಂತಿತು. ಅರ್ವಾ ಮುಂದಕ್ಕೆ ಬಾಗಿದಳು. "ಬೆರಳು ಕೊಟ್ರೆ ಹಿಡ್ಕೊಳ್ತಾವಂತೆ, ಅಷ್ಟು ಸಣ್ಣವೂ. ಹಿಡ್ಕೊಂಡ್ಲಾ?"

"ಹಿಡ್ಕೊಂಡ್ಲು."

ಅವಳು ತನ್ನ ತೋರುಬೆರಳನ್ನು ಅವನ ಮುಂದೆ ಚಾಚಿದಳು. "ಎಷ್ಟು ಗಟ್ಟಿಯಾಗಿ? ತೋರ್ಸು."

ಅವನು ಮುಟ್ಟಲಾರದೆ ಕೂತ. "ನಾಳೆ ಅಮ್ಮನ ಮನೆಗೆ ಹೋಗ್ತೀನಿ, ನಿನ್ನ ಜೊತೆ ಇನ್ನು ಇರೋಕಾಗಲ್ಲ" ಎಂದಳು ಅರ್ವಾ, ಬೆರಳನ್ನು ಹಿಂದಕ್ಕೆ ತೆಗೆದುಕೊಳ್ಳದೆ. "ಅದಕ್ಕೆ ಮುಂಚೆ ಇದನ್ನ ತೋರ್ಸು." ಆಗ ಅವನು ತನ್ನ ಕೈ ಎತ್ತಿ, ಅವಳ ಬೆರಳಿನ ಸುತ್ತ ತನ್ನ ಬೆರಳುಗಳನ್ನು ತಂದು, ನೆನಪಿಗೆ ಬಂದಷ್ಟೇ ಒತ್ತಿದ. "ಇಷ್ಟೇನಾ?" ಎಂದಳು. ಅವನು ಇನ್ನು ಸ್ವಲ್ಪ ಒತ್ತಿದ. "ಇಷ್ಟು" ಎಂದ.